ಸಂಘದ ಪುಟವನ್ನು ಸಂಘದವರೇ ಬರೆಯಬಹುದೇ?

ಪ್ರಶ್ನೆ: ಡೊಂಬಿವಲಿಯ ಕನ್ನಡ ಸಂಘವೊಂದಕ್ಕೆ ನಾನು ಗೌರವ ಕಾರ್ಯದರ್ಶಿ. ಅಂತರ್ಜಾಲದ ಮುಕ್ತ ವಿಶ್ವಕೋಶವೊಂದರಲ್ಲಿ ಸಂಘದ ಹೆಸರಿನಲ್ಲೇ ಖಾತೆ ತೆರೆದು, ನಮ್ಮ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯ ಮೂರು ಪುಟಗಳನ್ನು ಟೈಪು ಮಾಡಿ ಲೇಖನವಾಗಿ ಹಾಕಿದೆ. ಎರಡೇ ದಿನಗಳಲ್ಲಿ ಅದನ್ನು ಅಳಿಸಿ, 'ಹಿತಾಸಕ್ತಿ ಸಂಘರ್ಷ' ಎಂದು ಬರೆದಿದ್ದಾರೆ. ನಾನು ಸುಳ್ಳು ಬರೆದಿಲ್ಲ, ಪೈಸೆಯನ್ನೂ ಪಡೆದಿಲ್ಲ. ಸಂಘದ ವಿಷಯ ಸಂಘದವರಿಗಿಂತ ಹೆಚ್ಚಾಗಿ ಯಾರಿಗೆ ಗೊತ್ತು?

ಉತ್ತರ: ವಿಶ್ವಕೋಶದ ಹೆಸರನ್ನು ನೀವು ತಿಳಿಸಿಲ್ಲವಾದ್ದರಿಂದ, ಎಲ್ಲರಿಗೂ ಪರಿಚಿತವಾದ ವಿಕಿಪೀಡಿಯದ ನಿಯಮಗಳನ್ನೇ ಆಧಾರವಾಗಿಟ್ಟುಕೊಳ್ಳುತ್ತೇನೆ. ಸಂಘದ ವಿಷಯ ನಿಮಗೇ ಹೆಚ್ಚು ಗೊತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಸಂಘಕ್ಕೆ ಸಂಬಂಧಪಡದ ಜನ ಸಂಘದ ಬಗ್ಗೆ ಏನನ್ನು ಬರೆದು ಪ್ರಕಟಿಸಿದ್ದಾರೆ ಎಂಬುದಷ್ಟೇ ಅಲ್ಲಿ ಗಣನೆಗೆ ಬರುತ್ತದೆ. ನಿಮ್ಮ ಕೋಶಾಧಿಕಾರಿ ಎಷ್ಟೇ ಪ್ರಾಮಾಣಿಕರಾಗಿದ್ದರೂ ವಾರ್ಷಿಕ ಮಹಾಸಭೆಯ ಮುಂದಿಡುವ ಲೆಕ್ಕವನ್ನು ಹೊರಗಿನ ಲೆಕ್ಕಪರಿಶೋಧಕರಿಂದ ತಪಾಸಣೆ ಮಾಡಿಸುತ್ತೀರಿ. ಅದರಿಂದ ಕೋಶಾಧಿಕಾರಿಯವರು ಮುನಿಸಿಕೊಳ್ಳುವುದಿಲ್ಲ. 'ಹಿತಾಸಕ್ತಿ ಸಂಘರ್ಷ' ಎಂಬ ಮಾತನ್ನೂ ಹಾಗೆಯೇ ತೆಗೆದುಕೊಳ್ಳಿ. ಅದಕ್ಕೆ ಹಣದ ವ್ಯವಹಾರ ನಡೆದಿರಲೇಬೇಕೆಂದಿಲ್ಲ; ತನ್ನ ಬಗ್ಗೆ, ಮನೆಯವರು, ಸ್ನೇಹಿತರು, ಉದ್ಯೋಗದಾತರು ಅಥವಾ ತಾನು ಪದಾಧಿಕಾರಿಯಾಗಿರುವ ಸಂಸ್ಥೆಯ ಬಗ್ಗೆ ಬರೆದರೂ ಅದು ಅನ್ವಯಿಸುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ಸಂಘ ಕಟ್ಟಿದವರಿಗೂ ಸಲ್ಲುವ ಮಾತು.

ನಿಮ್ಮ ಬರಹಕ್ಕೆ ಇನ್ನೆರಡು ತೊಡಕುಗಳೂ ಇದ್ದವು. ವಿಕಿಪೀಡಿಯದಲ್ಲಿ ಖಾತೆ ವ್ಯಕ್ತಿಗೆ ಸೇರಿದ್ದು. ಸಂಘದ ಹೆಸರಿನ ಖಾತೆಯನ್ನು ಇಂದು ನೀವು, ನಾಳೆ ಮುಂದಿನ ಕಾರ್ಯದರ್ಶಿ ಬಳಸುವಂತಿಲ್ಲ. ಇನ್ನು ಸ್ಮರಣ ಸಂಚಿಕೆಯ ಬರಹಕ್ಕೆ ಕೃತಿಸ್ವಾಮ್ಯವಿರುತ್ತದೆ. ಯಾರು ಬೇಕಾದರೂ, ವ್ಯಾಪಾರಕ್ಕೂ ಸಹ, ಮರುಬಳಕೆ ಮಾಡಬಹುದೆಂಬ ಮುಕ್ತ ಪರವಾನಗಿಯನ್ನು ಹಕ್ಕುದಾರರು ಕೊಡದ ಹೊರತು ಅದನ್ನು ಎತ್ತಿ ಹಾಕಲಾಗದು. ಕೊಟ್ಟರೂ, 'ಕನ್ನಡಾಂಬೆಯ ಸೇವೆಯಲ್ಲಿ ಅಹರ್ನಿಶಿ ದುಡಿಯುತ್ತಿರುವ' ಎಂಬಂಥ ಸಾಲುಗಳು ವಿಶ್ವಕೋಶದಲ್ಲಿ ಉಳಿಯಲಾರವು. ಇಷ್ಟನ್ನು ನಿಮಗೆ ಬಿಡಿಸಿ ಹೇಳಬೇಕಿತ್ತು. ಹೊಸಬರ ಮೇಲೆ ಹರಿಹಾಯಬಾರದೆಂದು ವಿಕಿಪೀಡಿಯದಲ್ಲೇ ಒಂದು ಮಾರ್ಗಸೂಚಿಯಿರುವಾಗ, ಎರಡು ಪದಗಳ ಟಿಪ್ಪಣಿ ಬರೆದು ಹೋಗುವ ರೂಢಿಯನ್ನು ನಾನು ಒಪ್ಪುವುದಿಲ್ಲ.

ಈಗ ನಿಮ್ಮದೇ ಹೆಸರಿನಲ್ಲಿ, ಅಥವಾ ನಿಮಗೊಪ್ಪುವ ಅಂಕಿತನಾಮದಲ್ಲಿ, ಖಾತೆ ತೆರೆಯಿರಿ. ಸದಸ್ಯ ಪುಟದಲ್ಲಿ 'ನಾನು ಇಂಥ ಸಂಘದ ಕಾರ್ಯದರ್ಶಿ' ಎಂದು ಬರೆದುಕೊಳ್ಳಿ. ಬಳಿಕ ಹೊರಗಿನವರ ಬರಹಗಳನ್ನು ಹುಡುಕಿ: ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಸಂಶೋಧನೆಗಳಲ್ಲಿ, ಹೊರನಾಡ ಕನ್ನಡಿಗರ ಕುರಿತ ಗ್ರಂಥಗಳಲ್ಲಿ, ಪತ್ರಿಕೆಗಳಲ್ಲಿ ಸಂಘದ ಪ್ರಸ್ತಾಪ ವಿವರವಾಗಿ ಬಂದಿದೆಯೇ? ನೀವೇ ಕಳಿಸಿದ ಪ್ರಕಟಣೆಯನ್ನು ಪತ್ರಿಕೆ ಅಕ್ಷರ ಬಿಡದೆ ಅಚ್ಚುಹಾಕಿದ್ದರೆ ಅದು ಸ್ವತಂತ್ರ ಆಧಾರವಾಗದು. ಗಟ್ಟಿಯಾದ ಆಧಾರಗಳಿದ್ದರೆ, ಅವನ್ನು ಪಟ್ಟಿಮಾಡಿ ಕನ್ನಡ ವಿಕಿಪೀಡಿಯದ 'ಅರಳಿ ಕಟ್ಟೆ'ಯಲ್ಲಿ, ಅಂದರೆ ಸಂಪಾದಕರು ಕೂಡಿ ಚರ್ಚಿಸುವ ಪುಟದಲ್ಲಿ, ನಿಮ್ಮ ನಂಟನ್ನೂ ತಿಳಿಸಿ, ಯಾರಾದರೂ ಬರೆದುಕೊಡುವಿರಾ ಎಂದು ಕೇಳಿ. ಆಧಾರಗಳಿಲ್ಲದಿದ್ದರೆ ಲೇಖನ ಸದ್ಯಕ್ಕೆ ಸಾಧ್ಯವಿಲ್ಲ. ಇನ್ನೊಂದನ್ನು ಸಮಿತಿಯವರಿಗೆ ಮೊದಲೇ ಹೇಳಿಡಿ: ಲೇಖನ ಬಂದ ಮೇಲೆ ಅದು ಸಂಘದ ಸ್ವತ್ತಲ್ಲ, ಚುನಾವಣೆಯ ಜಗಳ ಪತ್ರಿಕೆಯಲ್ಲಿ ಬಂದಿದ್ದರೆ ಅದೂ ಅಲ್ಲಿ ಸೇರಬಹುದು.

ಪ್ರಶ್ನೆ: ಮುಲುಂಡಿನಲ್ಲಿ ನಮ್ಮ ಹೋಟೆಲಿದೆ. ವಿಕಿಪೀಡಿಯದಲ್ಲಿ ಪುಟ ಮಾಡಿಕೊಟ್ಟು, ಅದನ್ನು ಯಾರೂ ಅಳಿಸದಂತೆ ನೋಡಿಕೊಳ್ಳುತ್ತೇನೆಂದು ಏಜೆಂಟರೊಬ್ಬರು ಹಣ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಅಳಿಸದಂತೆ ತಡೆಯುವ ಭರವಸೆಯನ್ನು ಯಾರೂ ಕೊಡಲಾರರು. ಹಣ ಪಡೆದು ಬರೆಯುವುದಕ್ಕೆ ಪೂರ್ಣ ನಿಷೇಧವಿಲ್ಲ. ಆದರೆ 2014ರ ಜೂನ್‌ನಿಂದ, ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಪ್ರತಿಷ್ಠಾನದ ಬಳಕೆಯ ಷರತ್ತುಗಳ ಪ್ರಕಾರ, ಹಣ ಕೊಡುವವರು ಯಾರು, ಯಾರ ಪರವಾಗಿ ಬರೆಯಲಾಗುತ್ತಿದೆ ಎಂಬುದನ್ನು ಬಹಿರಂಗಪಡಿಸಲೇಬೇಕು. ನಿಮ್ಮ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದರೂ ಇದೇ ನಿಯಮ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಜಾಲಕ್ಕೆ ಸೇರಿದ 381 ಖಾತೆಗಳನ್ನು ನಿರ್ಬಂಧಿಸಲಾಯಿತು. ಪುಟ ತಿರಸ್ಕೃತವಾದ ಉದ್ಯಮಿಗಳನ್ನು ಹುಡುಕಿ, ಪ್ರಕಟಿಸಲು ಒಮ್ಮೆ, ಆಮೇಲೆ 'ಕಾಯಲು' ಇನ್ನೊಮ್ಮೆ ಹಣ ಕೀಳುವುದು ಆ ಜಾಲದವರ ಕಸುಬಾಗಿತ್ತು. ನಿಮ್ಮ ಏಜೆಂಟರ ಮಾತಿನ ಧಾಟಿಯೂ ಅದೇ.

ಪ್ರಶ್ನೆ: ನಮ್ಮ ತಂದೆಯವರು ರಂಗಭೂಮಿಯ ಹಿರಿಯ ಕಲಾವಿದರು, ನಮ್ಮೊಂದಿಗೆ ಪುಣೆಯಲ್ಲಿದ್ದಾರೆ. ಅವರ ಕುರಿತ ವಿಕಿಪೀಡಿಯ ಲೇಖನದಲ್ಲಿ ಜನ್ಮವರ್ಷ ತಪ್ಪಾಗಿದೆ. ಜೊತೆಗೆ ಯಾರೋ ಆಧಾರವಿಲ್ಲದೆ, ಕುಡಿತದ ಚಟವಿತ್ತೆಂದು ಸೇರಿಸಿದ್ದಾರೆ. ಮಗಳಾದ ನಾನು ಕೈಹಾಕಬಾರದೇ?

ಉತ್ತರ: ಎರಡನೆಯದನ್ನು ಇವತ್ತೇ ತೆಗೆಯಿರಿ, ಕಾರಣವನ್ನು ಸಂಪಾದನೆಯ ಸಾರಾಂಶದಲ್ಲಿ, ಅಂದರೆ ಬದಲಾವಣೆಯನ್ನು ಉಳಿಸುವಾಗ ಕಾಣುವ ಟಿಪ್ಪಣಿಯ ಜಾಗದಲ್ಲಿ, ಬರೆಯಿರಿ. ಜೀವಂತ ವ್ಯಕ್ತಿಯ ಬಗ್ಗೆ ಆಧಾರವಿಲ್ಲದ ಇಂಥ ಮಾತನ್ನು ತೆಗೆಯಲು ಮಗಳೆಂಬ ಸಂಬಂಧ ಅಡ್ಡಿಯಾಗದು. ಜನ್ಮವರ್ಷವನ್ನು ಮಾತ್ರ ನೀವೇ ತಿದ್ದದೆ, ಆ ಲೇಖನಕ್ಕೆಂದೇ ಇರುವ ಚರ್ಚಾಪುಟದಲ್ಲಿ ಕೇಳುವುದು ಒಳ್ಳೆಯದು. ವಿಕಿಪೀಡಿಯದ ಸ್ಥಾಪಕರಲ್ಲಿ ಒಬ್ಬರಾದ ಜಿಮ್ಮಿ ವೇಲ್ಸ್ ತಮ್ಮ ಬಗೆಗಿನ ಲೇಖನವನ್ನು ತಾವೇ ತಿದ್ದಿದ್ದು 2005ರಲ್ಲಿ ಬಯಲಾಗಿ, ಮುಜುಗರ ಅನುಭವಿಸಬೇಕಾಯಿತು. ಮನೆಯಲ್ಲಿರುವ ಶಾಲಾ ಪ್ರಮಾಣಪತ್ರವನ್ನು ಬೇರೆಯವರು ಪರಿಶೀಲಿಸಲಾರರು. ತಂದೆಯವರ ಅಭಿನಂದನ ಗ್ರಂಥದಲ್ಲೋ ಪತ್ರಿಕಾ ಸಂದರ್ಶನದಲ್ಲೋ ಸರಿಯಾದ ವರ್ಷ ಅಚ್ಚಾಗಿದ್ದರೆ ಪುಟಸಂಖ್ಯೆ, ದಿನಾಂಕಗಳ ಸಹಿತ ಅದನ್ನು ಅಲ್ಲಿ ಕೊಡಿ.