ಬಕೆಟ್ಟಿನಲ್ಲಿ ಆಮೆಮರಿ

ಪ್ರಶ್ನೆ: ಮಂಡ್ಯದ ಹತ್ತಿರ ವಿ.ಸಿ. ನಾಲೆ ನೀರಿನ ಗದ್ದೆ ನಮ್ಮದು. ಬದುವಿನ ಮೇಲೆ ಬೆಂಕಿಪೊಟ್ಟಣದಷ್ಟು ಆಮೆಮರಿ ಸಿಕ್ಕಿತು. ಚಿಪ್ಪಿನ ಅಂಚು ಮೆತ್ತಗಿದೆ, ಮೂಗು ಹಂದಿಮೂತಿ ಥರ. ಮಗಳು ಬಕೆಟ್ಟಿನಲ್ಲಿಟ್ಟು ಅನ್ನ ಹಾಕುತ್ತಿದ್ದಾಳೆ, ಮುಟ್ಟುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಅನ್ನ ತೆಗೆಯಿರಿ, ಸುಮ್ನೆ ನೀರು ನಾರುತ್ತದೆ. ಚಿಕ್ಕವನಿದ್ದಾಗ ನಾನೂ ಹಾಕಿದ್ದೆ, ಅದೂ ಮೊಸರನ್ನ! ಮರಿಯನ್ನು ಮೆಲ್ಲಗೆ ಎತ್ತಿ ಹೊಟ್ಟೆಯ ಕಡೆ ನೋಡಿ. ಹಿಂಗಾಲು ಒಳಗೆಳೆದುಕೊಂಡಾಗ ಎರಡು ಚರ್ಮದ ಮಡಿಕೆಗಳು ಬಾಗಿಲಿನ ಹಾಗೆ ಮುಚ್ಚಿಕೊಳ್ಳುತ್ತವಾ? ಹಾಗಿದ್ದರೆ ಅದು ನಮ್ಮ ಕೆರೆ-ಗದ್ದೆಗಳದೇ ಫ್ಲಾಪ್‌ಶೆಲ್ ಆಮೆ. ತಾಯಿಯನ್ನು ಹುಡುಕಬೇಡಿ, ಮೊಟ್ಟೆ ಇಟ್ಟು ಹೋದವಳು ತಿರುಗಿ ನೋಡುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇದನ್ನು ಸಾಕುವಂತಿಲ್ಲ. ಗಾಯ ಇಲ್ಲದಿದ್ದರೆ ಇವತ್ತು ಸಂಜೆಯೇ ಸಿಕ್ಕಿದ ಜಾಗದ ಹತ್ತಿರ, ಹರಿವು ಜಾಸ್ತಿ ಇಲ್ಲದ ಕೆಸರಂಚಿನಲ್ಲಿ ಬಿಡಿ. ಗಾಯ ಇದ್ದರೆ ಬೆನ್ನು ಮುಳುಗುವಷ್ಟೇ ನೀರು, ಹತ್ತಿ ಕೂರಲು ಒಂದು ಕಲ್ಲು ಇಟ್ಟು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇದ್ದರೆ ಮಾತ್ರ ಕಥೆ ಬೇರೆ. ಅದು ಅಂಗಡಿಯಲ್ಲಿ ಮಾರುವ ವಿದೇಶಿ ಆಮೆ, ನಾಲೆಗೆ ಬಿಡಲೇಬೇಡಿ. ಮಗಳಿಗೆ ಸೋಪು ಹಾಕಿ ಕೈ ತೊಳೆಸಿ. ಆಮೆಯ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.