ರಫೇಲ್ ಒಪ್ಪಂದ, ಎಚ್‌ಎಎಲ್ ಕೆಲಸ ಮತ್ತು ನಮ್ಮ ಕಾರವಾರದ ಹುಡುಗರು

ನಿಮ್ಮ ಪ್ರಶ್ನೆ ಓದಿದೆ. ನೀವು ಅಂಕೋಲೆಯವರು, ತಮ್ಮ ಐಟಿಐ ಮುಗಿಸಿದ್ದಾನೆ. ಫ್ರಾನ್ಸಿನ ರಫೇಲ್ ಯುದ್ಧವಿಮಾನದ ಒಪ್ಪಂದದಲ್ಲಿ ಬೆಂಗಳೂರಿನ ಸರ್ಕಾರಿ ವಿಮಾನ ಕಂಪನಿ ಎಚ್‌ಎಎಲ್‌ನ ಕೆಲಸ ಹೊರಗಿನವರ ಪಾಲಾಯ್ತು ಅಂತ ಮನೆಯಲ್ಲಿ ಒಬ್ಬರು ಹೇಳ್ತಾರೆ, ಅದೆಲ್ಲ ಸುಳ್ಳು ಅಂತ ಇನ್ನೊಬ್ಬರು. ನಿಜ ಏನು, ಈಗ ನೌಕಾಪಡೆಗೆ ರಫೇಲ್ ಬಂದರೆ ನಮ್ಮ ಕಡೆ ಕೆಲಸ ಹುಟ್ಟುತ್ತಾ ಅಂತ ಕೇಳಿದ್ದೀರಿ.

ಇದೇ ಜಗಳ ಕಾರವಾರದಲ್ಲೂ ನಡೆಯುತ್ತೆ. ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಅನ್ನೋ ಹಳೇ ಯುದ್ಧನೌಕೆಯ ಹತ್ತಿರ ಈಗ ನೌಕಾಪಡೆಯ ಹಳೇ ಟುಪೊಲೆವ್ ವಿಮಾನ ತಂದು ನಿಲ್ಲಿಸಿದ್ದಾರಲ್ಲ, ಸಂಜೆ ಅಲ್ಲಿ ಕೂತವರ ಬಾಯಲ್ಲಿ ಇಂಥದೇ ಮಾತು. ನಾನೂ ಕೂತಿದ್ದೇನೆ, ವಾದ ಮಾಡಿದ್ದೇನೆ. ಬೆಂಗಳೂರಿನ ಪೀಣ್ಯದಲ್ಲಿ ಏಳು ವರ್ಷ ವಿಮಾನದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಮಷಿನ್ ಓಡಿಸಿದವನು ನಾನು. ಈಗ ಊರಿಗೆ ಬಂದು ಬೈತಖೋಲ್ ಬಂದರಿನ ಹತ್ತಿರ ಬೋಟಿನ ಎಂಜಿನ್ ರಿಪೇರಿ ಮಾಡುತ್ತೇನೆ. ಎರಡೂ ಕಡೆ ಕೈ ಕಪ್ಪು ಮಾಡಿಕೊಂಡಿರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಎಚ್‌ಎಎಲ್ ವಿಷಯ. 2007ರಲ್ಲಿ ವಾಯುಪಡೆಗೆ 126 ಯುದ್ಧವಿಮಾನ ಬೇಕು ಅಂತ ಟೆಂಡರ್ ಕರೆದರು. 2012ರ ಜನವರಿಯಲ್ಲಿ ಫ್ರಾನ್ಸಿನ ಡಸಾಲ್ಟ್ ಕಂಪನಿಯ ರಫೇಲ್ ಮುಂದೆ ಬಂತು. 18 ವಿಮಾನ ಅಲ್ಲಿಂದಲೇ ತಯಾರಾಗಿ ಬರಬೇಕು, ಉಳಿದ 108 ಎಚ್‌ಎಎಲ್‌ನಲ್ಲಿ ಆಗಬೇಕು ಅನ್ನೋದು ಲೆಕ್ಕ. ಮಾತುಕತೆ ಮೂರು ವರ್ಷ ಎಳೆಯಿತು, ಸಹಿ ಬೀಳಲಿಲ್ಲ. 2015ರ ಏಪ್ರಿಲ್‌ನಲ್ಲಿ ಪ್ರಧಾನಿ ಪ್ಯಾರಿಸ್‌ನಲ್ಲಿ 36 ವಿಮಾನ ನೇರವಾಗಿ ಕೊಳ್ಳುತ್ತೇವೆ ಅಂದರು. 2016ರ ಸೆಪ್ಟೆಂಬರ್‌ನಲ್ಲಿ ಒಪ್ಪಂದ ಆಯಿತು. ಮೂವತ್ತಾರಕ್ಕೆ ಮೂವತ್ತಾರೂ ಫ್ರಾನ್ಸ್‌ನಲ್ಲೇ ತಯಾರು.

ಹಾಗಾದರೆ ಕೆಲಸ ಹೋಯಿತಾ? ಎಚ್‌ಎಎಲ್‌ನಲ್ಲಿ ಆಗ ರಫೇಲ್ ಕಟ್ಟುತ್ತಿದ್ದವರು ಯಾರೂ ಇರಲಿಲ್ಲ. ಆದ್ದರಿಂದ ಇದ್ದ ಕೆಲಸ ಕಿತ್ತುಕೊಂಡರು ಅನ್ನೋದು ಸರಿಯಲ್ಲ. ಆದರೆ 108 ವಿಮಾನ ಕಟ್ಟುವ ಕೆಲಸ ಬೆಂಗಳೂರಿಗೆ ಬರುವ ಹಾದಿಯಲ್ಲಿತ್ತು. ಆ ಹಾದಿ ಮುಚ್ಚಿತು. ಅದರ ನೋವನ್ನು ಸುಮ್ನೆ ರಾಜಕೀಯ ಅಂತ ತಳ್ಳಿಹಾಕುವುದು ನನ್ನಿಂದ ಆಗಲ್ಲ. ಒಂದು ವಿಮಾನದ ಹಿಂದೆ ಪೀಣ್ಯದಂಥ ಜಾಗದಲ್ಲಿ ಎಷ್ಟು ಮಷಿನ್ ಓಡುತ್ತವೆ ಅಂತ ಕಣ್ಣಾರೆ ಕಂಡಿದ್ದೇನೆ.

ಮಾತುಕತೆ ಕೆಟ್ಟಿದ್ದು ಎಲ್ಲಿ ಅನ್ನೋದನ್ನೂ ನೋಡಬೇಕು. ಇಲ್ಲಿ ಕಟ್ಟಿದ ವಿಮಾನಕ್ಕೆ ಹೊಣೆ ಯಾರು ಹೊರಬೇಕು ಅನ್ನೋದು ಒಂದು ತಕರಾರು. ಇನ್ನೊಂದು ಕೆಲಸದ ಗಂಟೆಗಳ ಲೆಕ್ಕ. ಫ್ರೆಂಚರಿಗಿಂತ ಎಚ್‌ಎಎಲ್‌ಗೆ 2.7 ಪಟ್ಟು ಜಾಸ್ತಿ ಗಂಟೆ ಬೇಕಾಗುತ್ತೆ ಅಂತ ಸರ್ಕಾರ ಸುಪ್ರೀಂ ಕೋರ್ಟಿಗೆ ಹೇಳಿತು. ಎಚ್‌ಎಎಲ್ ಅಧ್ಯಕ್ಷರಾಗಿದ್ದ ಟಿ. ಸುವರ್ಣ ರಾಜು ಅವರು ನಿವೃತ್ತರಾದ ಮೇಲೆ, 2018ರಲ್ಲಿ, ನಾವು ಕಟ್ಟಬಹುದಿತ್ತು ಅಂದರು. ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ತನಿಖೆ ಕೇಳಿದ ಅರ್ಜಿಗಳನ್ನು ವಜಾ ಮಾಡಿತು. 2019ರ ನವೆಂಬರ್‌ನಲ್ಲಿ ಮರುಪರಿಶೀಲನೆ ಅರ್ಜಿಗಳೂ ಬಿದ್ದುಹೋದವು. ಕೋರ್ಟ್ ನೋಡಿದ್ದು ಖರೀದಿಯ ಪ್ರಕ್ರಿಯೆ, ಬೆಲೆ, ಪಾಲುದಾರರ ಆಯ್ಕೆ ಇವನ್ನು. ಕೆಲಸ ಯಾವ ಊರಿಗೆ ಹೋಗಬೇಕಿತ್ತು ಅಂತ ತೀರ್ಮಾನ ಮಾಡುವುದು ಅದರ ಮುಂದಿದ್ದ ವಿಷಯವೇ ಆಗಿರಲಿಲ್ಲ. ನಿಮ್ಮ ಮನೆಯ ಇಬ್ಬರೂ ಇದೊಂದನ್ನು ಗಮನಿಸಿದರೆ ಅರ್ಧ ಜಗಳ ಕಡಿಮೆ ಆಗುತ್ತೆ.

ಜಗಳದ ಇನ್ನೊಂದು ಗಂಟು ಆಫ್‌ಸೆಟ್. ಒಪ್ಪಂದದ ಮೊತ್ತದ ಅರ್ಧದಷ್ಟು ಬೆಲೆಯ ವ್ಯವಹಾರವನ್ನು ಫ್ರೆಂಚ್ ಕಂಪನಿಗಳು ಭಾರತದಲ್ಲಿ ಮಾಡಬೇಕು ಅನ್ನೋ ಕರಾರು ಅದು. ಸುಮಾರು 30,000 ಕೋಟಿ ರೂಪಾಯಿಯ ಬಾಬ್ತು. ಅದಷ್ಟೂ ಅನಿಲ್ ಅಂಬಾನಿ ಅವರ ಕಂಪನಿಗೆ ಹೋಯಿತು ಅಂತ ಒಂದು ಕಡೆಯವರು. ಆ ಕಂಪನಿಯ ಜೊತೆಗಿನ ನಾಗಪುರದ ಜಂಟಿ ಕಾರ್ಖಾನೆಗೆ ಅದರ ಹತ್ತನೇ ಒಂದು ಭಾಗ ಅಷ್ಟೇ ಅಂತ ಡಸಾಲ್ಟ್ ಮುಖ್ಯಸ್ಥರು 2018ರಲ್ಲಿ ಹೇಳಿದರು. ಆ ಕಾರ್ಖಾನೆಯಲ್ಲಿ ಮೊದಲು ತಯಾರಾಗಿದ್ದು ರಫೇಲ್‌ನ ಭಾಗವಲ್ಲ, ಫಾಲ್ಕನ್ ಅನ್ನೋ ಖಾಸಗಿ ಜೆಟ್‌ನ ಭಾಗಗಳು. ಅಂದರೆ ವಿಮಾನ ನಮ್ಮ ದುಡ್ಡಿಂದ ಬಂತು, ಅದನ್ನು ಕಟ್ಟುವ ವಿದ್ಯೆ ಬರಲಿಲ್ಲ. ನನಗೆ ಇವತ್ತಿಗೂ ಬೇಜಾರು ಇರುವುದು ಇದರ ಬಗ್ಗೆಯೇ.

ಎಚ್‌ಎಎಲ್‌ಗೆ ಸಿಕ್ಕಿದ್ದರೆ ಎಲ್ಲ ಸರಿಯಾಗುತ್ತಿತ್ತು ಅಂತಲೂ ತಿಳಿಯಬೇಡಿ. ತೇಜಸ್ ಎಚ್‌ಎಎಲ್‌ನದೇ ವಿಮಾನ ಅಲ್ವಾ? ಅದರ ರೆಕ್ಕೆ ಕೊಯಮತ್ತೂರಿನಲ್ಲಿ ಎಲ್ ಅಂಡ್ ಟಿ ಮಾಡುತ್ತೆ. ನಡುವಿನ ಭಾಗ ಹೈದರಾಬಾದಿನ ಒಂದು ಖಾಸಗಿ ಕಂಪನಿಯಿಂದ ಬರುತ್ತೆ, ಹಿಂಭಾಗ ಬೆಂಗಳೂರಿನ ಇನ್ನೊಂದು ಖಾಸಗಿ ಕಂಪನಿಯಿಂದ. ಕೆಲಸ ಹೊರಗೆ ಕೊಡುವುದು ವಿಮಾನದ ಉದ್ಯಮದಲ್ಲಿ ಎಲ್ಲ ಕಡೆ ಇದೆ, ಅದೇ ತಪ್ಪು ಅಂತ ನಾನು ಹೇಳಲ್ಲ. ಹಾಗೆ ಹೊರಗೆ ಬಂದ ಕೆಲಸ ಮಾಡುವವನ ಗತಿ ಏನು ಅನ್ನೋದೇ ನನ್ನ ಚಿಂತೆ.

ಪೀಣ್ಯದಲ್ಲಿ ನಾನು ಮಾಡುತ್ತಿದ್ದುದು ಅಲ್ಯೂಮಿನಿಯಂ ಬ್ರಾಕೆಟ್. ಅಂಗೈ ಅಷ್ಟಗಲ. ಡ್ರಾಯಿಂಗ್ ಮೇಲೆ ವಿಮಾನದ ಹೆಸರು ಇರುತ್ತಿರಲಿಲ್ಲ, ಬರೀ ಒಂದು ನಂಬರು. ಅಳತೆ ಹತ್ತಿಪ್ಪತ್ತು ಮೈಕ್ರಾನ್ ಆಚೀಚೆ ಆದರೂ ಪೀಸ್ ರಿಜೆಕ್ಟ್. ಆ ಕೈಹದ ಬರಲು ನನಗೆ ಎರಡು ವರ್ಷ ಬೇಕಾಯಿತು. ಆದರೆ ಏಳು ವರ್ಷವೂ ನಾನು ಇದ್ದದ್ದು ಲೇಬರ್ ಕಾಂಟ್ರಾಕ್ಟರ್ ಪಟ್ಟಿಯಲ್ಲಿ. ಹನ್ನೊಂದು ತಿಂಗಳಿಗೊಮ್ಮೆ ಬ್ರೇಕ್, ಮತ್ತೆ ಹೊಸ ಕಾರ್ಡು. ಮಷಿನ್ ಅದೇ, ಪಾಳಿ ಅದೇ, ಪಕ್ಕದ ಕಾಯಂ ನೌಕರನ ಸಂಬಳ ನನ್ನದರ ಎರಡರಷ್ಟು. ಒಂದು ವರ್ಷದ ಪಿಎಫ್ ಕಟ್ಟೇ ಇರಲಿಲ್ಲ ಅಂತ ಬಿಟ್ಟ ಮೇಲೆ ಗೊತ್ತಾಯಿತು. ಆರ್ಡರ್ ಮುಗಿದ ತಿಂಗಳೇ ನಮ್ಮಲ್ಲಿ ಹನ್ನೆರಡು ಜನಕ್ಕೆ ನಾಳೆಯಿಂದ ಬರಬೇಡಿ ಅಂದರು. ಆ ಪೈಕಿ ಕುಮಟಾದ ಹುಡುಗ ಒಬ್ಬ ಇದ್ದ. ನನಗಿಂತ ಒಳ್ಳೇ ಕೈ. ಈಗ ಅವನು ಡೆಲಿವರಿ ಗಾಡಿ ಓಡಿಸುತ್ತಿದ್ದಾನೆ. ಅಷ್ಟು ವರ್ಷ ಕಲಿತ ಕೈಯನ್ನು ಹಾಗೆ ಬೀದಿಗೆ ಬಿಟ್ಟರಲ್ಲ ಅಂತ ಇವತ್ತಿಗೂ ಸಂಕಟ ಆಗುತ್ತೆ.

ಇದಕ್ಕೇ ಯಾರಾದರೂ ಈ ಒಪ್ಪಂದದಿಂದ ಸಾವಿರಾರು ಉದ್ಯೋಗ ಅಂದಾಗ, ಯಾವ ಊರಲ್ಲಿ, ಎಷ್ಟು ವರ್ಷಕ್ಕೆ, ಯಾರ ಪಟ್ಟಿಯಲ್ಲಿ ಅಂತ ನಾನು ಕೇಳುತ್ತೇನೆ.

ಅಮೆರಿಕದಲ್ಲೂ ಇಂಥ ಒಂದು ದೊಡ್ಡ ಜಗಳ ಆಗಿತ್ತು. ಆಕಾಶದಲ್ಲೇ ಇಂಧನ ತುಂಬುವ 179 ವಿಮಾನಗಳ ಗುತ್ತಿಗೆ, 35 ಶತಕೋಟಿ ಡಾಲರ್‌ನದು. 2008ರ ಫೆಬ್ರವರಿಯಲ್ಲಿ ಅದು ನಾರ್ತ್‌ರಾಪ್ ಗ್ರಮನ್ ಮತ್ತು ಯುರೋಪಿನ ಏರ್‌ಬಸ್ ಬಳಗಕ್ಕೆ ಸಿಕ್ಕಿತು. ನಮ್ಮ ಕೆಲಸ ಯುರೋಪಿಗೆ ಹೋಯಿತು ಅಂತ ಬೋಯಿಂಗ್ ಕಾರ್ಖಾನೆ ಇರುವ ಎವರೆಟ್ ಊರಿನವರು ಎದ್ದು ನಿಂತರು. ಇತ್ತ ಅಲಬಾಮಾದ ಮೊಬೀಲ್ ಅನ್ನೋ ಬಂದರು ಊರಿನವರು, ಜೋಡಣೆ ನಮ್ಮಲ್ಲೇ ಆಗುತ್ತೆ, ನಮಗೂ ಕೆಲಸ ಬೇಡವಾ ಅಂದರು. 40,000ಕ್ಕೂ ಜಾಸ್ತಿ ಉದ್ಯೋಗ ಅಂತ ಎರಡೂ ಕಡೆಯವರು ಲೆಕ್ಕ ಕೊಟ್ಟರು. ಬೋಯಿಂಗ್ ದೂರು ಕೊಟ್ಟಿತು, ಆಯ್ಕೆಯಲ್ಲಿ ತಪ್ಪಾಗಿದೆ ಅಂತ ಸರ್ಕಾರಿ ಲೆಕ್ಕಪರಿಶೋಧಕರು ಎತ್ತಿ ತೋರಿಸಿದರು, ಕೊನೆಗೆ 2011ರಲ್ಲಿ ಗುತ್ತಿಗೆ ಬೋಯಿಂಗ್‌ಗೇ ಹೋಯಿತು. ಮೊಬೀಲ್ ಸೋತಿತು. ಆದರೂ 2015ರಲ್ಲಿ ಅದೇ ಊರಲ್ಲಿ ಏರ್‌ಬಸ್ ಪ್ರಯಾಣಿಕರ ವಿಮಾನ ಜೋಡಿಸುವ ಕಾರ್ಖಾನೆ ತೆರೆಯಿತು. ಗುತ್ತಿಗೆ ಕೈತಪ್ಪಿದ ಮೇಲೂ ಆ ಊರು ತನ್ನ ಬಂದರು, ರನ್‌ವೇ, ಕೆಲಸಗಾರರನ್ನು ತೋರಿಸಿ ಕಂಪನಿಯನ್ನು ಕರೆಸಿಕೊಂಡಿತು. ನಾವೂ ಸಮುದ್ರದ ದಡದವರು ನೋಡಿ, ಅದಕ್ಕೇ ಈ ಕಥೆ ನನ್ನ ತಲೆಯಲ್ಲಿ ಕೂತಿದೆ.

ಈಗ ನಮ್ಮೂರಿಗೆ ಬರೋಣ. 2025ರ ಏಪ್ರಿಲ್ 28ರಂದು ನೌಕಾಪಡೆಗೆ 26 ರಫೇಲ್ ಕೊಳ್ಳುವ ಸಹಿ ಆಯಿತು. ಸುಮಾರು 64,000 ಕೋಟಿ ರೂಪಾಯಿ. 2030ರೊಳಗೆ ಎಲ್ಲವೂ ಬರಬೇಕು. ಇವೂ ಫ್ರಾನ್ಸ್‌ನಲ್ಲೇ ತಯಾರಾಗುತ್ತವೆ. ಆದರೆ ಈ ಸಲ ವಿಮಾನದ ಮೈ ಕಟ್ಟುವ ಕೆಲಸ, ಎಂಜಿನ್ ಮತ್ತು ಶಸ್ತ್ರಗಳ ದುರಸ್ತಿ ಭಾರತದಲ್ಲಿ ಆಗಬೇಕು ಅಂತ ಸೇರಿಸಿದ್ದಾರೆ. ಮೈ ಕಟ್ಟುವುದು ಹೈದರಾಬಾದಿನ ಟಾಟಾ ಕಾರ್ಖಾನೆಯಲ್ಲಿ. ಎಂಜಿನ್ ದುರಸ್ತಿಯೂ ಹೈದರಾಬಾದಿಗೇ. ಕಾರವಾರದ ಹೆಸರು ಇದರಲ್ಲಿ ಎಲ್ಲೂ ಇಲ್ಲ.

ಹಡಗಿನ ವಿಷಯದಲ್ಲೂ ಹೀಗೇ ಆಗಿದೆ. ಯುದ್ಧವಿಮಾನ ಹೊತ್ತು ಸಾಗುವ ನೌಕೆ ವಿಕ್ರಮಾದಿತ್ಯದ ತವರು ಬಂದರು ನಮ್ಮದು. 2014ರ ಜನವರಿಯಲ್ಲಿ ಅದು ಇಲ್ಲಿಗೆ ಬಂದಾಗ ಎಷ್ಟು ಹೆಮ್ಮೆ ಇತ್ತು! ಆದರೆ 2024ರ ನವೆಂಬರ್‌ನಲ್ಲಿ ಅದರ ದೊಡ್ಡ ದುರಸ್ತಿಗೆ 1,207 ಕೋಟಿ ರೂಪಾಯಿ ಒಪ್ಪಂದ ಆಗಿದ್ದು ಕೊಚ್ಚಿನ್ ಶಿಪ್‌ಯಾರ್ಡ್ ಜೊತೆ. ಸುಮಾರು 3,500 ಜನರಿಗೆ ಕೆಲಸ ಅಂತ ರಕ್ಷಣಾ ಸಚಿವಾಲಯ ಹೇಳಿತು. ಇದರಲ್ಲಿ ಕೊಚ್ಚಿಯವರ ತಪ್ಪಿಲ್ಲ. ನಮ್ಮ ನೆಲೆಯಲ್ಲಿ ಹಡಗು ಎತ್ತುವ ಲಿಫ್ಟಿನ ಶಕ್ತಿ 10,000 ಟನ್, ವಿಕ್ರಮಾದಿತ್ಯ ಸುಮಾರು 45,000 ಟನ್ ತೂಗುತ್ತೆ. ನೀರು ಬಸಿದು ಹಡಗಿನ ತಳ ರಿಪೇರಿ ಮಾಡುವ ಅಷ್ಟು ದೊಡ್ಡ ಡ್ರೈ ಡಾಕ್ ಇರುವ ಕಡೆಗೇ ಅದು ಹೋಗಬೇಕು.

ಆದರೂ ಮನಸ್ಸಿಗೆ ಚುಚ್ಚುತ್ತೆ. 1986ರಲ್ಲಿ ಸೀಬರ್ಡ್ ಅನ್ನೋ ಇಲ್ಲಿನ ನೌಕಾನೆಲೆ ಯೋಜನೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ನೆಲೆ ಶುರುವಾಯಿತು. ಅಷ್ಟರಲ್ಲಿ 4,000ಕ್ಕೂ ಹೆಚ್ಚು ಕುಟುಂಬ ಮನೆ, ಗದ್ದೆ, ದೋಣಿ ಎಳೆಯುವ ದಡ ಬಿಟ್ಟು ಎದ್ದಿದ್ದವು. ತೋಡೂರಿನ ನಿರಾಶ್ರಿತರ ಕಾಲೋನಿಯಲ್ಲಿ ಈಗ ಮೊಮ್ಮಕ್ಕಳ ಕಾಲ. ಅವರು ಓದಿ ಬಂದು ಕೇಳುವುದು ಕಾಯಂ ಕೆಲಸ. ಸಿಗುವುದು ಹೆಚ್ಚಾಗಿ ಗುತ್ತಿಗೆದಾರನ ಗೇಟ್ ಪಾಸ್. ಕಟ್ಟಡ, ಸ್ವಚ್ಛತೆ, ತೋಟ, ಸಾಮಾನು ಹೊರುವುದು. ಗುತ್ತಿಗೆ ಬದಲಾದರೆ ಪಾಸೂ ಹೋಯಿತು.

ನನ್ನ ಈಗಿನ ಕಸುಬಿಂದ ಒಂದು ಮಾತು ಹೇಳುತ್ತೇನೆ. ಬೋಟ್ ಕಟ್ಟುವುದು ಒಂದು ಸಲ. ಆಮೇಲೆ ಅದು ಇಪ್ಪತ್ತು ವರ್ಷ ರಿಪೇರಿಗೆ ಬರುತ್ತಲೇ ಇರುತ್ತೆ. ಜೂನ್ ಒಂದರಿಂದ 61 ದಿನ ಮೀನುಗಾರಿಕೆ ಬಂದ್ ಆದಾಗ ನನಗೆ ಊಟಕ್ಕೂ ಬಿಡುವಿರಲ್ಲ. ಇಬ್ಬರು ಹುಡುಗರ ಸಂಬಳ ಅದರಲ್ಲೇ ಹುಟ್ಟುತ್ತೆ. ಯುದ್ಧವಿಮಾನ ಮೂವತ್ತು ನಲವತ್ತು ವರ್ಷ ಹಾರುತ್ತೆ. ಸಮುದ್ರದ ಮೇಲೆ ಹಾರುವುದಕ್ಕೆ ಉಪ್ಪುಗಾಳಿಯ ತುಕ್ಕು ಬೇರೆ. ತೊಳೆಯಬೇಕು, ಬಣ್ಣ ಕೆರೆದು ಹಚ್ಚಬೇಕು, ಹೈಡ್ರಾಲಿಕ್ ಪೈಪು, ಚಕ್ರ, ಬ್ರೇಕು, ನೆಲದ ಮೇಲಿನ ಜನರೇಟರ್, ಎಳೆಯುವ ಟ್ರ್ಯಾಕ್ಟರ್ ಎಲ್ಲ ನೋಡಿಕೊಳ್ಳಬೇಕು. ವಿಮಾನ ಕಟ್ಟುವ ಕಾರ್ಖಾನೆ ಕಾರವಾರಕ್ಕೆ ಬರಲಿ ಅಂತ ನಾನು ಕೇಳಲ್ಲ. ಈ ನಿತ್ಯದ ಕೆಲಸದ ಒಂದು ಪಾಲು ಇಲ್ಲಿಗೆ, ಇಲ್ಲಿನ ಹುಡುಗರಿಗೆ, ಕಾಯಂ ಆಗಿ ಬರಬೇಕು ಅಂತ ಕೇಳುತ್ತೇನೆ. ಅಂಕೋಲೆಯ ಅಲಗೇರಿಯಲ್ಲಿ ನೌಕಾ ವಿಮಾನ ನಿಲ್ದಾಣದ ಯೋಜನೆ ಇದೆ. ಅದಕ್ಕೂ ಜನ ಜಮೀನು ಬಿಡುತ್ತಿದ್ದಾರೆ. ಕೇಳುವುದಾದರೆ ಈಗಲೇ, ರನ್‌ವೇ ಆಗುವ ಮೊದಲೇ ಕೇಳಬೇಕು. ಆಮೇಲೆ ಟೆಂಡರ್ ಕರೆದಾಗಿರುತ್ತೆ.

ಆದರೆ ನಮ್ಮ ಜಿಲ್ಲೆಯ ಸಭೆಗಳಲ್ಲಿ ಮಾತು ಬರೀ ರಫೇಲ್‌ನಲ್ಲಿ ಯಾರು ದುಡ್ಡು ತಿಂದರು ಅನ್ನೋದರ ಸುತ್ತ ಹೊರಳುತ್ತೆ. ಎರಡು ಪಕ್ಷದವರೂ ಕೂಗಿ ಸುಸ್ತಾಗಿ ಮನೆಗೆ ಹೋಗುತ್ತಾರೆ. ಗುತ್ತಿಗೆ ಕೆಲಸಗಾರನಿಗೆ ಕಾಯಂನವನಷ್ಟೇ ಸಂಬಳ ಯಾಕಿಲ್ಲ, ನಿರಾಶ್ರಿತರ ಮಕ್ಕಳಿಗೆ ತರಬೇತಿಯಲ್ಲಿ ಎಷ್ಟು ಸೀಟು ಅಂತ ಕೇಳಲು ಆಗ ಯಾರೂ ಉಳಿದಿರಲ್ಲ.

ನಿಮ್ಮ ತಮ್ಮನ ವಿಷಯ. ಇಲ್ಲಿನ ನೌಕಾ ಹಡಗು ದುರಸ್ತಿ ಯಾರ್ಡ್ ಮತ್ತು ಗೋವಾದ ನೌಕಾ ವಿಮಾನ ಯಾರ್ಡ್ ಸೇರಿ ಐಟಿಐ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತವೆ. ಹತ್ತನೇ ತರಗತಿ ಮತ್ತು ಐಟಿಐ ಎರಡರ ಅಂಕಪಟ್ಟಿಯೂ ಲೆಕ್ಕಕ್ಕೆ ಬರುತ್ತೆ. ಅಪ್ರೆಂಟಿಸ್ ಮುಗಿದ ತಕ್ಷಣ ಕೆಲಸ ಕೊಡುತ್ತೇವೆ ಅಂತ ಯಾರೂ ಬರೆದುಕೊಡಲ್ಲ, ಅದು ಅವನಿಗೆ ಗೊತ್ತಿರಲಿ. ಆದರೂ ಮುಂದೆ ಟ್ರೇಡ್ಸ್‌ಮನ್ ಹುದ್ದೆಗೆ ಕರೆದಾಗ ಆ ಸರ್ಟಿಫಿಕೇಟ್ ಉಪಯೋಗಕ್ಕೆ ಬರುತ್ತೆ. ನನ್ನ ಕಾಲದಲ್ಲಿ ಇದನ್ನು ಹೇಳುವವರಿಲ್ಲದೆ ನೇರ ಬೆಂಗಳೂರು ಬಸ್ ಹತ್ತಿದೆ. ಅವನು ಹಾಗೆ ಮಾಡುವುದು ಬೇಡ. ಎಲ್ಲೇ ಸೇರಿದರೂ ಮೊದಲ ತಿಂಗಳೇ ಪಿಎಫ್ ನಂಬರ್ ಕೇಳಿ ತೆಗೆದುಕೊಳ್ಳಲಿ, ಮೊಬೈಲಿನಲ್ಲಿ ಪ್ರತಿ ತಿಂಗಳು ದುಡ್ಡು ಬಿದ್ದಿದೆಯಾ ನೋಡಲಿ.

ಅವನ ಟ್ರೇಡ್ ಫಿಟ್ಟರಾ, ಎಲೆಕ್ಟ್ರಿಷಿಯನ್ನಾ, ಡೀಸೆಲ್ ಮೆಕ್ಯಾನಿಕ್ಕಾ ಅಂತ ನೀವು ಬರೆದಿಲ್ಲ. ತಿಳಿಸಿ. ಡೀಸೆಲ್ ಮೆಕ್ಯಾನಿಕ್ ಆದರೆ ಅರ್ಜಿ ಕರೆಯುವ ತನಕ ನನ್ನ ಶೆಡ್ಡಿಗೇ ಬರಲಿ, ಈ ಮಳೆಗಾಲ ನನಗೂ ಒಬ್ಬರು ಬೇಕು.