ಕ್ಷೌರದ ಕತ್ತಿಯಲ್ಲಿ ಫುಲ್ ಹಾಲೋ ಲೇಸೋ, ವೆಡ್ಜ್ ಲೇಸೋ? ದುಬಾರಿ ಕತ್ತಿಗೆ ಕೊಟ್ಟ ಹಣ ಸಾರ್ಥಕವೇ?

ಸಲೂನಿನಲ್ಲಿ ಕಾಣುವ ಬ್ಲೇಡ್ ಸಿಕ್ಕಿಸುವ ಕತ್ತಿ ಬೇಡ, ಕಲ್ಲಿನ ಮೇಲೆ ಮಸೆದು ಬಳಸುವ ಮಡಿಚುವ ಕತ್ತಿಯನ್ನೇ ಹೊಸದಾಗಿ ಕೊಳ್ಳಬೇಕು ಎಂದಿದ್ದೀರಿ. ಫುಲ್ ಹಾಲೋ, ವೆಡ್ಜ್ ಎಂಬ ಅಲಗಿನ ಬಗೆಗಳಲ್ಲಿ ಯಾವುದು ಮೇಲು, ಹೆಚ್ಚು ಬೆಲೆ ಕೊಟ್ಟರೆ ಏನು ಸಿಗುತ್ತದೆ ಎಂಬುದು ನಿಮ್ಮ ಪ್ರಶ್ನೆ. ಹಲವು ವರ್ಷಗಳಿಂದ ಇಂಥ ಕತ್ತಿಗಳಿಂದಲೇ ಮುಖಕ್ಷೌರ ಮಾಡಿಕೊಳ್ಳುತ್ತಿರುವುದರಿಂದ ಅನುಭವದ ಮೇಲೆ ಉತ್ತರಿಸುತ್ತೇನೆ.

ಕತ್ತಿಯ ತುದಿಯನ್ನು ಕಣ್ಣಿಗೆ ನೇರವಾಗಿ ಹಿಡಿದು ನೋಡಿದರೆ ಬಗೆಗಳ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ವೆಡ್ಜ್ ಅಲಗಿನಲ್ಲಿ ಬೆನ್ನಿನಿಂದ ಅಂಚಿನವರೆಗೆ ಎರಡು ಬದಿಯೂ ಬೆಣೆಯಂತೆ ನೇರವಾಗಿ ಇಳಿಯುತ್ತವೆ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಹೆಸರಾಗಿದ್ದದ್ದು ಈ ಭಾರದ ಕತ್ತಿಗಳಿಗೆ. ಹಾಫ್ ಹಾಲೋದಲ್ಲಿ ಬದಿಗಳನ್ನು ಸ್ವಲ್ಪ ಒಳಕ್ಕೆ ಕೊರೆದಿರುತ್ತಾರೆ. ಫುಲ್ ಹಾಲೋದಲ್ಲಿ ತಿರುಗುವ ಸಾಣೆಚಕ್ರಗಳ ನಡುವೆ ಎಷ್ಟು ಆಳವಾಗಿ ಕೊರೆಯುತ್ತಾರೆಂದರೆ, ಅಂಚಿನ ಬಳಿ ಲೋಹ ಕಾಗದದಷ್ಟು ತೆಳುವಾಗಿ, ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಒರಗಿಸಿದರೆ ಅದು ಬಾಗುವುದು ಕಣ್ಣಿಗೇ ಕಾಣುತ್ತದೆ. ಗಡ್ಡ ಕತ್ತರಿಸುವಾಗ ಈ ತೆಳು ಅಲಗು ಸಣ್ಣಗೆ ಮಿಡಿಯುವ ಸದ್ದು ಕೇಳಿಸುತ್ತದೆ; ಕೈ ಎಲ್ಲಿ ತಪ್ಪುತ್ತಿದೆ ಎಂಬುದನ್ನು ನನಗೆ ಕಲಿಸಿದ್ದು ಆ ಸದ್ದೇ.

ಆದರೆ ಫುಲ್ ಹಾಲೋ ಎಂದಮಾತ್ರಕ್ಕೆ ಅದು ಹೆಚ್ಚು ಹರಿತ ಎಂದು ತಿಳಿಯಬೇಡಿ. ಮಸೆಯುವಾಗ ಕತ್ತಿಯ ಬೆನ್ನೂ ಅಂಚೂ ಒಟ್ಟಿಗೆ ಕಲ್ಲಿಗೆ ತಾಗಿರುತ್ತವೆ. ಆದ್ದರಿಂದ ಅಂಚಿನ ಕೋನವನ್ನು ನಿರ್ಧರಿಸುವುದು ಬೆನ್ನಿನ ದಪ್ಪ ಮತ್ತು ಅಲಗಿನ ಅಗಲವೇ ಹೊರತು ನಡುವಿನ ಕೊರೆತವಲ್ಲ. ಅಗಲವನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಹೇಳುವುದು ವಾಡಿಕೆ. 5/8 ಅಂದರೆ ಸುಮಾರು 16 ಮಿ.ಮೀ. ಬೆನ್ನು ನಾಲ್ಕೂವರೆ ಮಿ.ಮೀ. ಇದ್ದರೆ ಕೋನ ಹೆಚ್ಚುಕಡಿಮೆ 16 ಡಿಗ್ರಿ ಬರುತ್ತದೆ, ಕತ್ತಿ ಯಾವ ಬಗೆಯದಾದರೂ ಸರಿ. ಕೊರೆತದಿಂದ ಬದಲಾಗುವುದು ತೂಕ, ಬಾಗುವ ಗುಣ ಮತ್ತು ಮಸೆಯುವ ಶ್ರಮ. ಅಪ್ಪಟ ವೆಡ್ಜ್‌ನಲ್ಲಿ ಇಡೀ ಬದಿಯೇ ಕಲ್ಲಿಗೆ ಉಜ್ಜುವುದರಿಂದ ಹೊಸಬರಿಗೆ ಅದು ಬಹಳ ಬೇಸರದ ಕೆಲಸ. ಫುಲ್ ಹಾಲೋದಲ್ಲಿ ಬೆನ್ನನ್ನು ಬಿಟ್ಟರೆ ಅಂಚಿನ ಕೂದಲೆಳೆಯಷ್ಟು ಪಟ್ಟಿ ಮಾತ್ರ ಸವೆಯುತ್ತದೆ. ಹಲವು ದಿನ ಬಿಟ್ಟ ಒರಟು ಗಡ್ಡಕ್ಕೆ ಭಾರದ ಅಲಗು ಹಿತವೆನಿಸುವುದು ನಿಜ, ಆದರೆ ಅದು ಎರಡನೆಯ ಕತ್ತಿಯಾಗಲಿ.

ಬೆಲೆಯ ವಿಷಯದಲ್ಲಿ ನಾನು ಪಾಠ ಕಲಿತದ್ದು ಅಗ್ಗದ ಕತ್ತಿಯಿಂದ. ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಕೊಂಡದ್ದು, ಉಕ್ಕು ಕೆಟ್ಟದ್ದಾಗಿರಲಿಲ್ಲ. ಅಂಚಿಗೆ ಉದ್ದಕ್ಕೂ ಮಾರ್ಕರ್ ಶಾಯಿ ಬಳಿದು 1000 ಗ್ರಿಟ್ ಕಲ್ಲಿನ ಮೇಲೆ (ಗ್ರಿಟ್ ಅಂಕಿ ಹೆಚ್ಚಿದಷ್ಟೂ ಕಲ್ಲು ನಯ) ನಾಲ್ಕು ಬಾರಿ ಎಳೆದು ನೋಡಿದೆ. ತುದಿಯ ಕಡೆ ಶಾಯಿ ಅಳಿಸಿತ್ತು, ಹಿಡಿಯ ಕಡೆ ಒಂದೂವರೆ ಅಂಗುಲ ಹಾಗೆಯೇ ಉಳಿದಿತ್ತು, ಏಕೆಂದರೆ ಬೆನ್ನಿನ ದಪ್ಪ ಒಂದೇ ಸಮನಾಗಿರಲಿಲ್ಲ. ಅದನ್ನು ಸರಿಪಡಿಸಲು ಐದು ಸಂಜೆ ಹಿಡಿಯಿತು. ಮಸೆಯುವುದು ಚೆನ್ನಾಗಿ ಬಲ್ಲವರಿಗೆ ಅಗ್ಗದ ಕತ್ತಿ ಲಾಭವೇ. ಕಲಿಯುವವರಿಗೆ ತಪ್ಪು ಕೈಯದೋ ಕತ್ತಿಯದೋ ಎಂದೇ ತಿಳಿಯುವುದಿಲ್ಲ.

ಜರ್ಮನಿಯ ಜೋಲಿಂಗನ್‌ನ ಡೋವೊ, ಬೋಕರ್, ಫ್ರಾನ್ಸಿನ ತಿಯೆರ್ ಊರಿನ ತಿಯೆರ್ ಇಸ್ಸಾರ್ ಇವರ ಸಾದಾ ಕಾರ್ಬನ್ ಉಕ್ಕಿನ ಕತ್ತಿಗಳಿಗೆ ಕೊಡುವ ಹೆಚ್ಚಿನ ಹಣ ಬೆನ್ನು ಒಂದೇ ಸಮನಾಗಿರುವಂಥ ನೇರವಾದ ಸಾಣೆಗೆ ಸಲ್ಲುತ್ತದೆ. ಅದರ ಮೇಲಿನ ದರ್ಜೆಗಳಲ್ಲಿ ಬೆಲೆ ಏರುವುದು ಹೆಚ್ಚಾಗಿ ಕೊಂಬಿನ ಹಿಡಿಗೆ, ಚಿನ್ನದ ಬಣ್ಣದ ಕೆತ್ತನೆಗೆ, ಹೊಳಪಿಗೆ. ಅವು ಸುಂದರ, ಆದರೆ ಗಡ್ಡಕ್ಕೆ ಅವುಗಳಿಂದ ಪ್ರಯೋಜನವಿಲ್ಲ. ನೀವು 5/8 ಅಗಲದ, ಫುಲ್ ಹಾಲೋ ಅಥವಾ ಹಾಫ್ ಹಾಲೋದ ಸಾದಾ ಕಾರ್ಬನ್ ಕತ್ತಿ ಕೊಳ್ಳಿ. ಉಳಿದ ಹಣದಲ್ಲಿ ಅಲಗನ್ನು ಉಜ್ಜಿ ಅಂಚು ನಯಗೊಳಿಸುವ ಒಳ್ಳೆಯ ಚರ್ಮದ ಪಟ್ಟಿಯನ್ನೂ 8000 ಗ್ರಿಟ್ ಕಲ್ಲನ್ನೂ ತರಿಸಿ. ಅನೇಕ ಹೊಸ ಕತ್ತಿಗಳು ಮುಖಕ್ಕೆ ಹಚ್ಚುವಷ್ಟು ಹರಿತವಾಗಿ ಬರುವುದಿಲ್ಲವಾದ್ದರಿಂದ, ಮೊದಲ ಬಾರಿ ಬಲ್ಲವರಿಂದ ಮಸೆಸಿಕೊಡುವ ಅಂಗಡಿಯನ್ನೇ ಆರಿಸಿ. ಕರಾವಳಿಯವರಾಗಿದ್ದರೆ ಬಳಸಿದೊಡನೆ ಒರಸಿ, ಒಂದು ಹನಿ ಎಣ್ಣೆ ಸವರಿಡಿ. ಮಳೆಗಾಲದಲ್ಲಿ ಕಾರ್ಬನ್ ಉಕ್ಕು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ.